ನಾನು ನೋಡಿದ ಹಕ್ಕಿ, ನನ್ನನ್ನು ನೋಡಿದ ಮಂದಿ

ಹಕ್ಕಿ ನೋಡಲು ಹೋದವನನ್ನು ಜನ ನಿಂತು ನೋಡುವ ಪ್ರಸಂಗ ನನ್ನ ಪಾಲಿಗೆ ತಿಂಗಳಿಗೊಂದಾದರೂ ತಪ್ಪಿದ್ದಲ್ಲ. ನಾನು ಉಡುಪಿ ಕಡೆಯವನು. ಮನೆ ಡೊಂಬಿವಲಿಯಲ್ಲಿ, ಗುಮಾಸ್ತಿಕೆ ಬೇಲಾಪುರದಲ್ಲಿ. ಐವತ್ತು ದಾಟಿದ ಮೇಲೆ ಡಾಕ್ಟರು ದಿನಾ ಬೆಳಿಗ್ಗೆ ನಡೆಯಲು ಹೇಳಿದರು. ಸುಮ್ಮನೆ ನಡೆಯುವುದಕ್ಕೆ ಬೇಸರವಾಗಿ ಒಂದು ದುರ್ಬೀನು, ಒಂದು ಹಕ್ಕಿ ಪುಸ್ತಕ ಕೊಂಡೆ. ಪುಸ್ತಕ ಬಾಯಿಪಾಠವಾಯಿತು. ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಏನು ತಿನ್ನುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ, ಎಲ್ಲ ಗೊತ್ತು. ಹಕ್ಕಿ ಎದುರಿಗೆ ಬಂದು ಕೂತಾಗ ಮಾತ್ರ ಅದು ಯಾವುದೆಂದು ಗೊತ್ತಾಗುವುದಿಲ್ಲ.

ಫ್ಲೆಮಿಂಗೊ ಸ್ನಾನ

ನವಿ ಮುಂಬಯಿಯ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿಗೆ ಚಳಿಗಾಲದಲ್ಲಿ ಫ್ಲೆಮಿಂಗೊಗಳು ಬಂದಿಳಿಯುತ್ತವೆ. ಒಂದು ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮಂಜು ಕವಿದಿತ್ತು. ಕನ್ನಡಕ ಇದ್ದರೆ ದುರ್ಬೀನು ಕಣ್ಣಿಗೆ ಕೂರುವುದಿಲ್ಲ, ತೆಗೆದರೆ ನನಗೇನೂ ಸರಿಯಾಗಿ ಕಾಣುವುದಿಲ್ಲ. ಅಂದು ತೆಗೆದು ಜೇಬಿನಲ್ಲಿಟ್ಟಿದ್ದೆ.

ಬೇಲಿಯಾಚೆ ಗುಲಾಬಿ ಬಣ್ಣದ್ದೊಂದು ನಿಂತಿತ್ತು. "ನೋಡು, ಎಷ್ಟು ಹತ್ತಿರ! ಅಲ್ಲಾಡಬೇಡ, ಹಾರಿಹೋಗ್ತದೆ. ಒಂದೇ ಕಾಲಲ್ಲಿ ಗಂಟೆಗಟ್ಟಲೆ ನಿಲ್ಲುವುದು ಅದರ ಕ್ರಮ. ಕೊಕ್ಕು ತಲೆಕೆಳಗೆ ಮಾಡಿ ಕೆಸರು ಸೋಸಿ ತಿನ್ನುತ್ತದೆ," ಎಂದು ಪಿಸುಮಾತಿನಲ್ಲಿ ಅರ್ಧ ಗಂಟೆ ವರ್ಣಿಸಿದೆ. ಹೆಂಡತಿ ಪಾಪ, ಉಸಿರು ಬಿಗಿಹಿಡಿದು ನಿಂತಿದ್ದಳು.

ಅಷ್ಟರಲ್ಲಿ ಖಾಡಿಯ ದಡದ ಪಾರ್ಕಿನ ಮಾಲಿ ಪೈಪು ಎಳೆದುಕೊಂಡು ಬಂದು ನನ್ನ ಫ್ಲೆಮಿಂಗೊದ ನೆತ್ತಿಯ ಮೇಲೆ ನೀರು ಬಿಟ್ಟ. ಕುಂಡೆ ಉಜ್ಜಿದ. ಆಮೇಲೆ ನನ್ನ ಕಡೆ ತಿರುಗಿ, "ಸಾಹೇಬ್, ಥೋಡಾ ಹಟೋ. ಆಪ್ ಕೇ ಪೀಛೇ ವಾಲಾ ಭೀ ಧೋನಾ ಹೈ," ಎಂದ. ನಾನು ಸ್ವಲ್ಪ ಸರಿಯಬೇಕಂತೆ, ನನ್ನ ಹಿಂದಿನದನ್ನೂ ತೊಳೆಯಬೇಕಂತೆ. ಹಿಂತಿರುಗಿ ನೋಡಿದರೆ ಸಿಮೆಂಟಿನದು ಇನ್ನೊಂದು ನಿಂತಿತ್ತು.

ಮನೆಗೆ ಬಂದ ಮೇಲೆ ಹೆಂಡತಿ ಕರಾರು ಹಾಕಿದಳು. "ನಿಮ್ಮ ಮಂಡೆ ಸಮ ಉಂಟಾ? ನನ್ನೆದುರು ಒಂದೇ ಒಂದು ಹಕ್ಕಿಯ ಹೆಸರು ಸರಿಯಾಗಿ ಹೇಳಿ ನೋಡುವಾ. ಇಲ್ಲದಿದ್ರೆ ಆ ದುರ್ಬೀನು ಅಟ್ಟಕ್ಕೆ."

ನಮ್ಮ ಮನೆಯ ಅಟ್ಟಕ್ಕೆ ಹೋದ ವಸ್ತು ತಿರುಗಿ ಬಂದದ್ದಿಲ್ಲ. ನನ್ನ ಹಾರ್ಮೋನಿಯಂ ಈಗಲೂ ಅಲ್ಲೇ ಇದೆ.

ಕಿಟಕಿ ಸೀಟು

ಠಾಣೆಯಿಂದ ಬೇಲಾಪುರಕ್ಕೆ ಹೋಗುವ ಬೆಳಗಿನ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಗುವುದೆಂದರೆ ಪೂರ್ವಜನ್ಮದ ಪುಣ್ಯ. ಒಂದು ದಿನ ಸಿಕ್ಕಿತು. ಪಕ್ಕದಲ್ಲಿ ನಮ್ಮ ಕಚೇರಿಯ ಧಾರವಾಡದ ಸಹೋದ್ಯೋಗಿ ನಿಂತಿದ್ದರು.

ಐರೋಲಿ ದಾಟುವಾಗ ಖಾಡಿಯ ಕೆಸರಿನ ಕಾಂಡ್ಲಾ ಗಿಡಗಳ ನಡುವೆ ದೊಡ್ಡದೊಂದು ಬೆಳ್ಳಕ್ಕಿ ರೆಕ್ಕೆ ಬಿಚ್ಚಿತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಅರೇ ದೇಖೋ, ದೇಖೋ!" ಎಂದು ಕೂಗಿದೆ. ಯಾರೋ ಹಳಿಗೆ ಬಿದ್ದರೆಂದು ಇಡೀ ಡಬ್ಬಿ ಈಚೆ ಬಾಗಿತು. ಬೆಳ್ಳಕ್ಕಿ ಗಾಳಿಗೆ ಉಬ್ಬಿ, ಮುದುಡಿ, ಮತ್ತೆ ಉಬ್ಬಿತು.

"ಅದು ಹಕ್ಕಿ ಅಲ್ರೀ," ಎಂದರು ಧಾರವಾಡದವರು. "ಗಿಡಕ್ಕ ಸಿಕ್ಕೊಂಡಿರೋ ಪ್ಲಾಸ್ಟಿಕ್ ಚೀಲ."

ನಾಚಿಕೆಯಿಂದ ಕೂರಲು ಹೋದರೆ ಸೀಟಿನಲ್ಲಿ ಯಾರೋ ದಪ್ಪನೆಯವರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಧಾರವಾಡದವರು ನನ್ನ ಹೆಗಲು ತಟ್ಟಿದರು. "ಹಕ್ಕಿನೂ ಹೋತು, ಸೀಟೂ ಹೋತು. ಬರ್ರಿ, ಬೇಲಾಪುರದ ತನಕ ನೀವ ಬೆಳ್ಳಕ್ಕಿಗತೆ ಒಂಟಿ ಕಾಲಾಗ ನಿಂದರ್ರಿ."

ಕಂಚುಗಾರ

ವರ್ತಕ ನಗರದ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಹೊರಗಿನಿಂದ ಟುಕ್, ಟುಕ್, ಟುಕ್ ಎಂದು ಒಂದೇ ಲಯದಲ್ಲಿ ಶಬ್ದ ಬರುತ್ತಿತ್ತು. ನನ್ನ ಎದೆ ಹಿಗ್ಗಿತು. ಇದು ಪುಸ್ತಕದಲ್ಲಿದ್ದ ಹಾಗೇ ಇದೆ! ಹೆಂಡತಿಯೂ ಎದುರಿಗೇ ಇದ್ದಾಳೆ!

"ಕಂಚುಗಾರ ಹಕ್ಕಿ," ಎಂದು ಘೋಷಿಸಿದೆ. "ಹಸಿರು ಮೈ, ಕೆಂಪು ಹಣೆ, ಹಳದಿ ಗಂಟಲು. ಒಣ ಕೊಂಬೆಯಲ್ಲಿ ತೂತು ಕೊರೆದು ಗೂಡು. ಆಲದ ಹಣ್ಣೆಂದರೆ ಪ್ರಾಣ."

ಭಾವ ಸಾರು ಸುರಿದುಕೊಳ್ಳುತ್ತ ನಿಧಾನವಾಗಿ ಹೇಳಿದರು. "ಅದು ನಮ್ಮ ಬಿಲ್ಡಿಂಗಿನ ಪ್ಲಂಬರ್ ಮಾರಾಯ. ಮೈಗೆ ನೀಲಿ ಅಂಗಿ. ಗೂಡು ಟಿಟ್ವಾಳಾದಲ್ಲಿ. ವಡಾಪಾವ್ ಅಂದ್ರೆ ಪ್ರಾಣ. ಒಂಬತ್ತಕ್ಕೆ ಬರ್ತೇನೆ ಅಂತ ಹನ್ನೆರಡಕ್ಕೆ ಬರುವುದು ಅದರ ಕ್ರಮ."

ಮನೆಗೆ ಬಂದವಳೇ ಹೆಂಡತಿ ಅಟ್ಟದ ಕೆಳಗೆ ಸ್ಟೂಲು ಎಳೆದಳು. ಇನ್ನೊಂದೇ ಅವಕಾಶ ಕೊಡು ಎಂದು ಗೋಗರೆದೆ. "ಇದೇ ಕಡೇದು," ಎಂದಳು.

ಕಲ್ಯಾಣದ ತಾರಸಿ

ಮಾವ ಕಲ್ಯಾಣದಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದವರು. ಅವರ ತಿಥಿ. ಬಾಳೆ ಎಲೆಯಲ್ಲಿ ಅನ್ನ, ವಡೆ, ಪಾಯಸ ಬಡಿಸಿ ತಾರಸಿಯಲ್ಲಿಟ್ಟೆವು. ಕಾಗೆ ಬಂದು ಮುಟ್ಟದೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವಂತಿಲ್ಲ. ಗಂಟೆ ಎರಡಾಯಿತು. ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕಿನ ಮೇಲೆ ಒಂದು ಕರಿ ಹಕ್ಕಿ ಕೂತಿತ್ತು, ಬರುತ್ತಿರಲಿಲ್ಲ.

"ಭಾವಾ, ಹಕ್ಕಿ ವಿಷಯ ನಿಮ್ಮದಲ್ವಾ? ಏನಾದ್ರೂ ಮಾಡಿ," ಎಂದ ಹೆಂಡತಿಯ ತಮ್ಮ.

ನಾನು ದುರ್ಬೀನು ಎತ್ತಿ ಗುರಿಯಿಟ್ಟೆ. ಕಾಡುಕಾಗೆಯಾದರೆ ಪೂರಾ ಕಪ್ಪು, ಊರುಕಾಗೆಯಾದರೆ ಕುತ್ತಿಗೆ ಬೂದು, ಕೋಗಿಲೆಯಾದರೆ ಕೆಂಪು ಕಣ್ಣು. ತಪ್ಪಿದರೆ ಅಟ್ಟ. ಹಾಗಾಗಿ ದುರ್ಬೀನು ಇಳಿಸದೆ ಇಪ್ಪತ್ತು ನಿಮಿಷ ನೋಡಿದೆ. ಅದು ಅಲ್ಲಾಡಲಿಲ್ಲ.

"ಅವರಿಗೆ ಏನೋ ಆಸೆ ಉಳಿದಿದೆ," ಎಂದು ಅತ್ತೆ ಕಣ್ಣೊರೆಸಿಕೊಂಡರು. "ಒಬ್ಬೊಬ್ಬರೇ ಮಾತು ಕೊಡಿ."

"ಅಪ್ಪಾ, ಹೋಟೆಲಿನ ಸಾಂಬಾರಿನ ರುಚಿ ಬದಲು ಮಾಡುವುದಿಲ್ಲ," ಎಂದ ಹೆಂಡತಿಯ ತಮ್ಮ. ಹಕ್ಕಿ ಕದಲಲಿಲ್ಲ.

"ಅಪ್ಪಾ, ಮಗಳಿಗೆ ಕನ್ನಡ ಓದಲು ಕಲಿಸ್ತೇನೆ," ಎಂದಳು ಹೆಂಡತಿ. ಹಕ್ಕಿ ನಮಗೆ ಬಾಲ ತೋರಿಸಿ ಕೂತಿತು.

ನಮ್ಮ ಮಗಳು ಹಸಿವಿನಿಂದ ಸಿಡಿದಳು. "ಪಪ್ಪಾ, ವೋ ಆಪ್ ಕೇ ದುರ್ಬೀನ್ ಸೇ ಡರ್ ರಹಾ ಹೈ!"

ಹಕ್ಕಿ ನನ್ನ ದುರ್ಬೀನಿಗೆ ಹೆದರಿದೆ ಎಂದು ಅವಳು ಹೇಳಿದ್ದು ನಿಜ. ತನ್ನತ್ತ ಏನಾದರೂ ಗುರಿಯಿಟ್ಟರೆ ಕಾಗೆ ಹತ್ತಿರ ಸುಳಿಯುವುದಿಲ್ಲವೆಂದು ನನ್ನ ಪುಸ್ತಕದಲ್ಲೇ ಇತ್ತು. ಹಸಿದ ಮನೆಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ನಿಜವಾಗಿಯೂ ಸಂಕಟವಾಯಿತು. ಅತ್ತೆ, "ಅಳಿಯಂದಿರೇ, ನೀವೂ ಒಂದು ಮಾತು ಕೊಡಿ," ಎಂದರು.

"ಮಾವಾ, ಇನ್ನು ಈ ದುರ್ಬೀನು ಮುಟ್ಟುವುದಿಲ್ಲ," ಎಂದು ಅದನ್ನು ಹೆಂಡತಿಯ ಕೈಗೆ ಕೊಟ್ಟು ಕನ್ನಡಕ ಹಾಕಿಕೊಂಡೆ.

ಹಕ್ಕಿ ಸುಂಯ್ ಎಂದು ಇಳಿದು ನೇರ ವಡೆಗೆ ಬಾಯಿ ಹಾಕಿತು. ನನ್ನಿಂದ ನಾಲ್ಕೇ ಅಡಿ ದೂರ. ಬೂದು ಕುತ್ತಿಗೆ, ಕಪ್ಪು ಕಣ್ಣು, ಕಪ್ಪು ಕೊಕ್ಕು. ಸಂಶಯಕ್ಕೆ ಎಡೆಯೇ ಇಲ್ಲ. ಜನ್ಮದಲ್ಲಿ ಮೊದಲ ಸಲ ಒಂದು ಹಕ್ಕಿಯನ್ನು ಖಚಿತವಾಗಿ ಗುರುತಿಸಿದ್ದೆ.

"ಊರುಕಾಗೆ!" ಎಂದು ಹೆಂಡತಿಗೆ ಕೂಗಿ ಹೇಳಿದೆ. "ಈ ಸಲ ಸರಿಯಾಗಿ ಹೇಳಿದೆನೋ ಇಲ್ಲವೋ?"

ಹೆಂಡತಿ ತಾಯಿಯ ಮುಖ ನೋಡಿದಳು. ಅತ್ತೆ ಮುಗಿದ ಕೈ ಬಿಡದೆ ನನ್ನತ್ತ ತಿರುಗಿದರು.

"ಎಂತ ಕಾಗೆ ಅಳಿಯಂದಿರೇ? ಅವರು ನಿಮ್ಮ ಮಾವ!"