ಸಿಂಹದ ತಲೆಯೊಳಗೊಬ್ಬ ಮೇಷ್ಟ್ರು

ತಲೆ ಒಳಗೆ ಹೋಗುವಾಗ ಸಲೀಸಾಗಿ ಹೋಯಿತು. ಹೊರಗೆ ಬರುವಾಗ ಕಿವಿಗಳು ಒಪ್ಪಲಿಲ್ಲ. ಶಿಶುವಿಹಾರದ ಮೇಷ್ಟ್ರು ಆ ದಿನ ಪಟ್ಟ ಪಾಡಿಗೆಲ್ಲ ಕಾರಣ ಇಷ್ಟೇ.

ಅದು ಸಿಂಹದ ತಲೆ. ವಾರವಿಡೀ ಮಕ್ಕಳು ಹಳೇ ಪೇಪರು ಹರಿದು, ಮೈದಾ ಅಂಟಿನಲ್ಲಿ ಅದ್ದಿ, ದೊಡ್ಡ ಬಲೂನಿನ ಮೇಲೆ ಮೆತ್ತಿದ್ದರು. ಮೆತ್ತಿದ್ದರಲ್ಲಿ ಅರ್ಧ ಬಲೂನಿಗೆ, ಅರ್ಧ ಮೇಷ್ಟ್ರಿಗೆ. ಒಣಗಿದ ಮೇಲೆ ಬಲೂನು ಒಡೆದು, ಕೆಳಗೊಂದು ತೂತು ಮಾಡಿ, ಹಳದಿ ಬಳಿದು, ಉಣ್ಣೆ ದಾರದ ಕೇಸರ ಅಂಟಿಸಿದರು. ಸಿಂಹದ ಒಂದು ಕಣ್ಣು ಹಣೆಯ ಮೇಲಿತ್ತು, ಇನ್ನೊಂದು ಕೆನ್ನೆಗೆ ಇಳಿದಿತ್ತು. "ಅದು ಮೇಲೂ ಕೆಳಗೂ ಒಟ್ಟಿಗೇ ನೋಡುತ್ತೆ" ಎಂದು ಮಕ್ಕಳು ಹೇಳಿದರು. ಮೇಷ್ಟ್ರು ತಿದ್ದಲಿಲ್ಲ.

ತಿದ್ದುವ ಸ್ವಭಾವವೇ ಅವರದಲ್ಲ. ಅವರ ಧ್ವನಿಯೋ, ಸೊಳ್ಳೆ ಕೂಡ "ಸ್ವಲ್ಪ ಜೋರಾಗಿ ಹೇಳಿ" ಅನ್ನಬೇಕು, ಅಷ್ಟು ಸಣ್ಣದು. ಪೋಷಕರು ಇಟ್ಟ ಹೆಸರು ಪಿಸುಮಾತಿನ ಮೇಷ್ಟ್ರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ದಿನ ಮಧ್ಯಾಹ್ನ ಮಕ್ಕಳ ಕೈಕೆಲಸ ನೋಡಲು ಪೋಷಕರು ಬರುವವರಿದ್ದರು. ಅವರನ್ನು ಕೇಳಿಕೊಂಡು, ಮೇಷ್ಟ್ರನ್ನು ಇಟ್ಟುಕೊಳ್ಳುವುದೋ ಕಳಿಸಿಬಿಡುವುದೋ ಎಂದು ತೀರ್ಮಾನ ಆಗಬೇಕಿತ್ತು.

"ಮೇಷ್ಟ್ರೇ, ಹಾಕ್ಕೊಂಡು ತೋರ್ಸಿ!" ಎಂದು ಮಕ್ಕಳು ದುಂಬಾಲು ಬಿದ್ದರು. ಮೇಷ್ಟ್ರು ಹಾಕಿಕೊಂಡರು. ಸಿಂಹಕ್ಕೆ ಮೈ ಬೇಡವೇ ಎಂದು ಮಕ್ಕಳು ಮೇಜಿನ ಹಳದಿ ಹೊದಿಕೆ ಎಳೆದು, ಅವರಿಗೆ ಕಾಲಿನವರೆಗೂ ಸುತ್ತಿದರು. ಒಂದು ಸುತ್ತು ಘರ್ಜನೆ ಆಯಿತು. ಆಮೇಲೆ ತೆಗೆಯಲು ಹೋದರೆ, ಊಹೂಂ.

ಪಕ್ಕದ ತರಗತಿಯ ಮಿಸ್ ಓಡಿ ಬಂದು, ಮೂಲಂಗಿ ಕೀಳುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಳೆದರು. ಮೇಷ್ಟ್ರ ಕುತ್ತಿಗೆ ಉದ್ದವಾದಂತಾಯಿತೇ ಹೊರತು ತಲೆ ಜಗ್ಗಲಿಲ್ಲ.

"ಉಸಿರು ಬಿಗಿಹಿಡಿದು ಕಿವಿ ಮಡಚಿ" ಎಂದರು ಮಿಸ್.

"ಮಡಚೋಕೆ ಅದೇನು ಛತ್ರೀನಾ ಮಿಸ್?" ಎಂದು ಒಳಗಿಂದ ಮೇಷ್ಟ್ರು ಗೊಣಗಿದ್ದು ಆ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಲಿಲ್ಲ.

ಗಲಾಟೆ ಕೇಳಿ ಹೆಡ್‌ಮಿಸ್ ಬಂದರು. ನೋಡಿದರು. "ಇನ್ನೇನು ಪೋಷಕರು ಬಂದ್ಬಿಡ್ತಾರೆ. ಕತ್ತರಿ ತನ್ನಿ!"

ಕತ್ತರಿ ಕಂಡದ್ದೇ ತಡ, ತರಗತಿಯೆಲ್ಲ ಒಂದೇ ಸಮನೆ ಗೊಳೋ ಎಂದಿತು. "ಮೂಗು ನಾನು ಅಂಟಿಸಿದ್ದೂ!" "ಅಮ್ಮಂಗೆ ತೋರಿಸ್ಬೇಕೂ!" "ಸಿಂಹಕ್ಕೆ ನೋವಾಗುತ್ತೇ!"

"ಬೇಡ ಮೇಡಂ" ಎಂದರು ಮೇಷ್ಟ್ರು. "ಕತ್ತರಿಸಬೇಡಿ. ಇವರ ಅಪ್ಪ ಅಮ್ಮ ನೋಡೋವರೆಗೂ ಇರಲಿ."

ಎಲ್ಲರೂ ಗಪ್‌ಚಿಪ್. ಆ ಟೊಳ್ಳು ತಲೆಯೊಳಗೆ ಸುತ್ತಿ ಬಂದ ಪಿಸುಮಾತು, ಬಾವಿಯೊಳಗಿಂದ ಗುಡುಗಿದ ಹಾಗೆ ಹೊರಬಂದಿತ್ತು. "ಯಾರು ಮಾತಾಡಿದ್ದು?" ಎಂದು ಹೆಡ್‌ಮಿಸ್ ಹಿಂದೆ ತಿರುಗಿ ನೋಡಿದರು.

ಬಾಗಿಲಲ್ಲಿ ಪೋಷಕರ ಸಂಘದ ಅಧ್ಯಕ್ಷರು ನಿಂತಿದ್ದರು. ಅವರ ಹಿಂದೆ ಅಪ್ಪಂದಿರು, ಅಮ್ಮಂದಿರು.

"ಯಾರು ಮೇಡಂ ಇವರು?"

ಮೇಷ್ಟ್ರ ತಲೆ ಸಿಕ್ಕಿಕೊಂಡಿದೆ ಎಂದರೆ ಶಾಲೆಯ ಮರ್ಯಾದೆ ಏನಾಗಬೇಕು? ಹೆಡ್‌ಮಿಸ್ ಬಾಯಿಗೆ ಬಂದದ್ದು ಹೇಳಿಬಿಟ್ಟರು: "ಇವರಾ? ಕಲೆ ಕಲಿಸೋರು. ಇವತ್ತಿಗೆ ಅಂತ ಹೊರಗಿಂದ ಕರೆಸಿದ್ದೀವಿ."

ಸಿಂಹ ಬೇರೆ ದಾರಿ ಕಾಣದೆ ಕೈಮುಗಿಯಿತು.

ಗೋಡೆಯ ತುಂಬ ಚಿತ್ರಗಳು. ಒಬ್ಬ ಅಪ್ಪ ಮಗನ ಚಿತ್ರದ ಮುಂದೆ ನಿಂತು ಮುಖ ಹುಳ್ಳಗೆ ಮಾಡಿಕೊಂಡರು. ಹಾಳೆಯ ತುಂಬ ಬರೀ ಕಪ್ಪು. "ಇದೇನ್ರೀ, ಮಸಿ ಬಳಿದಿದ್ದಾನೆ?"

"ಅವನನ್ನೇ ಕೇಳಿ ಸಾರ್" ಎಂದು ಸಿಂಹ ಗುಡುಗಿತು.

ಹುಡುಗ ಹಾಳೆಯ ಮೇಲೆ ಬೆರಳಿಟ್ಟ. "ಇದು ನಮ್ಮನೆ. ಕರೆಂಟ್ ಹೋಗಿದೆ. ಇಲ್ಲಿ ನಾನು, ಇಲ್ಲಿ ನೀನು. ನೀನು ಕತೆ ಹೇಳ್ತಿದೀಯ. ಕತ್ತಲೆ ಅಲ್ವಾ, ಅದಕ್ಕೇ ಕಾಣಲ್ಲ."

ಮಗ ತೋರಿಸಿದ ಜಾಗದಲ್ಲಿ ಅಪ್ಪನೂ ಬೆರಳಿಟ್ಟು ನೋಡಿದರು. ತಿರುಗಿ ಬಂದು ಸಿಂಹದ ಎರಡೂ ಕೈ ಹಿಡಿದುಕೊಂಡರು. "ತುಂಬಾ ಉಪಕಾರ ಆಯ್ತು. ಕೇಳದೇ ಇದ್ದಿದ್ರೆ ಮನೆಗೆ ಹೋಗಿ ಬೈದುಬಿಡ್ತಿದ್ದೆ."

ಆಮೇಲೆ ಒಬ್ಬೊಬ್ಬರೇ ಮಕ್ಕಳನ್ನು ಕೇಳತೊಡಗಿದರು. ಕಾಲಿಲ್ಲದ ಕುದುರೆ ನೀರಲ್ಲಿ ನಿಂತಿತ್ತು. ಹಸಿರು ಅಜ್ಜಿ ಹೊಸ ಸೀರೆ ಉಟ್ಟಿದ್ದಳು. ಒಬ್ಬ ತಾಯಿ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೇಷ್ಟ್ರಿಗೂ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಮುಖ ಕೈಗೆ ಸಿಗುವಂತಿಲ್ಲ. ಗಲ್ಲದಿಂದ ತೊಟ್ಟಿಕ್ಕಿದ್ದು ನೋಡಿ ಒಂದು ಮಗು ಕೂಗಿತು: "ಸಿಂಹ ಜೊಲ್ಲು ಸುರಿಸ್ತಿದೆ!"

ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಮೇಡಂ, ನಮ್ಮೆಲ್ಲರದೂ ಒಂದೇ ಮಾತು. ಮುಖ ತೋರಿಸದೆ ಕೆಲಸ ಮಾಡೋರು ಇವರು, ದೊಡ್ಡ ಮನಸ್ಸು. ಇವರನ್ನೇ ಖಾಯಂ ಮಾಡಿ. ಆ ಪಿಸುಮಾತಿನವರನ್ನ ಮರ್ಯಾದೆಯಾಗಿ ಕಳಿಸಿಕೊಡಿ."

ಚಪ್ಪಾಳೆ ಬಿತ್ತು. ಎಲ್ಲರೂ ತಟ್ಟುವಾಗ ತಾನೊಬ್ಬನೇ ಸುಮ್ಮನಿರುವುದು ಹೇಗೆಂದು ಮೇಷ್ಟ್ರೂ ತಟ್ಟಿದರು. ಹೆಡ್‌ಮಿಸ್ ಫ್ಯಾನು ನೋಡುತ್ತಿದ್ದರು.

ಪೋಷಕರು ಹೋದ ಮೇಲೆ, ಪಕ್ಕದ ತರಗತಿಯ ಮಿಸ್ ಕಿವಿಗೆ ಧಾರಾಳವಾಗಿ ಎಣ್ಣೆ ಬಿಟ್ಟು, ತಲೆ ತಿರುಗಿಸಿ ತಿರುಗಿಸಿ ಎಳೆದರು. ಪಚಕ್ ಎಂದು ಹೊರಬಂದ ಮೇಷ್ಟ್ರು ಟೊಮೇಟೊ ಆಗಿದ್ದರು. "ನಿಮ್ಮ ಋಣ ತೀರಿಸೋಕಾಗಲ್ಲ ಮಿಸ್" ಎಂದು ಅವರು ಹೇಳುತ್ತಿರುವಾಗಲೇ, ಮರೆತ ಕನ್ನಡಕಕ್ಕೆಂದು ಅಧ್ಯಕ್ಷರು ವಾಪಸು ಬಂದರು.

"ಓ, ನೀವಾ. ಎಲ್ಲಿ ಹೋಗಿದ್ರಿ ಇಷ್ಟು ಹೊತ್ತು? ನಿಮ್ಮ ಜಾಗಕ್ಕೆ ಎಂಥಾ ಮನುಷ್ಯ ಸಿಕ್ಕಿದ್ರು ಗೊತ್ತಾ?"

"ಸಾರ್, ಅದು ನಾನೇ..."

"ಏನು? ಸ್ವಲ್ಪ ಜೋರಾಗಿ."

"ಸಿಂಹ... ನಾನೇ ಸಾರ್."

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿಗಾಗಿ ಕಾಯುತ್ತ ಮೂಲೆಯಲ್ಲಿ ಕೂತಿದ್ದ ಪುಟ್ಟಿಯನ್ನು ಕರೆದರು. "ಬಾ ಮರಿ, ನೀನು ಸುಳ್ಳು ಹೇಳಲ್ಲ. ಇವರು ಸಿಂಹಾನಾ?"

ಪುಟ್ಟಿ ಇಬ್ಬರನ್ನೂ ಪಾಪ ಎಂಬಂತೆ ನೋಡಿದಳು. "ಅಲ್ಲ. ಇವರು ಮೇಷ್ಟ್ರು. ಸಿಂಹ ಅದು, ಮೇಜಿನ ಮೇಲಿದೆ."

ಪಕ್ಕದ ತರಗತಿಯ ಮಿಸ್ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದರು. ಮೇಷ್ಟ್ರ ಜೋಲುಮುಖ ನೋಡಿ ಅಧ್ಯಕ್ಷರಿಗೆ ಕನಿಕರ ಬಂತು. "ಹೋಗಲಿ, ಸಂಸಾರಸ್ಥರು ನೀವು. ಹೆಡ್‌ಮಿಸ್‌ಗೆ ಹೇಳ್ತೀನಿ. ಸಿಂಹದವರಿಗೆ ಸಹಾಯಕರಾಗಿ ಇರಿ. ಕುಂಚ ತೊಳೆದುಕೊಡೋದು, ಅಂಟು ಕಲಸೋದು. ಅವರನ್ನ ನೋಡಿ ಕಲಿಯೋದು ಬೇಕಾದಷ್ಟಿದೆ."

ಮೇಷ್ಟ್ರು ಎಣ್ಣೆಯಾದ ಕೈ ಮುಗಿದರು. ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಹೇಗೋ, ನಾಳೆಯೂ ಆ ಮಕ್ಕಳ ಜೊತೆ ಇರಬಹುದಲ್ಲ.

ಸಂಜೆ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಏನಾಯ್ತು? ಕೆಲಸ ಉಳೀತಾ?"

"ಉಳೀತು ಕಣೇ. ಹೊಸಬರೊಬ್ಬರು ಬಂದಿದಾರೆ, ಅವರ ಕೈಕೆಳಗೆ."

"ಸದ್ಯ, ಅಷ್ಟಾಯ್ತಲ್ಲ. ಮನುಷ್ಯ ಹೇಗೆ?"

ಮೇಷ್ಟ್ರು ಕೆಂಪಗೆ ಊದಿದ ಕಿವಿ ಸವರಿಕೊಂಡರು. "ತುಂಬಾ ಒಳ್ಳೆಯವರು. ತಲೆ ಮಾತ್ರ ಟೊಳ್ಳು."