ರಾಯಭಾರಿಗಳ ಡ್ರೈವರ್

ಬೆಳಿಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ ಬಂದ ಒಂದು ಸಾಲು ಮಾದಪ್ಪನ ಎದೆ ಒಡೆಯಿತು: ‘ಐದು ಸಲ ಸಂಸದರಾಗಿ, ಆಮೇಲೆ ವಿದೇಶದಲ್ಲಿ ರಾಯಭಾರಿಯಾಗಿದ್ದ ಚಿಕ್ಕಬಸಪ್ಪನವರು ಇನ್ನಿಲ್ಲ.’

ಇಪ್ಪತ್ತಾರು ವರ್ಷ ಅವರ ಕಾರು ಓಡಿಸಿದವನು ಮಾದಪ್ಪ. ಅವರು ರಾಯಭಾರಿಯಾಗಿದ್ದ ನಾಲ್ಕು ವರ್ಷವೂ ವಾರಕ್ಕೊಮ್ಮೆ ನಂಜನಗೂಡಿಗೆ ಹೋಗಿ, ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡಿ, ಒರೆಸಿ, ಆಫ್ ಮಾಡಿ, ಮತ್ತೆ ತನ್ನೂರು ಟಿ. ನರಸೀಪುರದ ಬಸ್ಸು ಹತ್ತುತ್ತಿದ್ದ. ಈಗ ಆ ಕಾರನ್ನೂ ಮಾರಿಬಿಟ್ಟಿದ್ದರು. ಒಂದು ಶಾಲೆಯಲ್ಲಿ ಬಸ್ ಓಡಿಸುವ ಕೆಲಸ ಖಾಲಿ ಇತ್ತು. ಸಾಹೇಬರ ಕೈಯಿಂದ ಶಿಫಾರಸಿನ ಒಂದು ಕಾಗದ ತಂದರೆ ಸಾಕು ಅಂದಿದ್ದರು. ಸೋಮವಾರ ಕೊಡುತ್ತೇನೆಂದು ಸಾಹೇಬರು ಫೋನಿನಲ್ಲಿ ಒಪ್ಪಿದ್ದರು. ಇವತ್ತು ಶನಿವಾರ.

“ಸಾಯೇಬ್ರು ಇನ್ನೆರಡು ದಿನ ತಡ್ಕೊಂಡಿದ್ರೆ ಏನಾಗ್ತಿತ್ತು?” ಎಂದು ಹೆಂಡತಿ ಪುಟ್ಟಮಾದಮ್ಮ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್ಮೇಷ್ಟ್ರು ಶಿವಮಲ್ಲಪ್ಪ ಬಂದರು. ಬಸ್‌ಸ್ಟ್ಯಾಂಡಿನ ಬಳಿ ಆಗಲೇ ಸಾಹೇಬರ ಫೋಟೋ ಇಟ್ಟು, ಹಾರ ಹಾಕಿ, ಮೈಕೂ ತರಿಸಿದ್ದರು.

“ನೀನೇ ಮಾತಾಡ್ಬೇಕು ಕಣ್ಲಾ. ಅವರ ಜೀವನ ಕಣ್ಣಾರೆ ಕಂಡೋನು ನೀನು.”

“ನಾನ್ ಕಂಡಿದ್ದು ರೋಡು ಸಾ.”

ಯಾರೂ ಬಿಡಲಿಲ್ಲ. ಮೈಕಿನ ಮುಂದೆ ಮಾದಪ್ಪ ಥಂಡಿ ಹಿಡಿದ ಇಂಜಿನ್ನಿನಂತೆ ಎರಡು ಸಲ ಕೆಮ್ಮಿ, ಆಮೇಲೆ ಮಾತಿಗೆ ಹೊರಟ.

“ಸಾಯೇಬ್ರು ದಿಲ್ಲೀಲಿ ಬಾಳ ಮಾತಾಡ್ತಿದ್ರಂತೆ. ಕಾರ್ನಲ್ಲಿ ‘ಎಡಕ್ಕೆ’, ‘ಬಲಕ್ಕೆ’, ‘ಬೇಗ’, ಅಷ್ಟೆ. ನಮ್ಮವ್ವ ಸತ್ತ ದಿನ ಎಲೆಕ್ಷನ್ ಪ್ರಚಾರ. ಅದಿನೇಳು ಅಳ್ಳಿ ಸುತ್ತಿಸ್ದೆ. ಕೊನೇಲಿ ಇಸ್ಯ ಏಳ್ದೆ. ‘ಅಯ್ಯೋ, ಮೊದ್ಲೇ ಹೇಳ್ಬಾರ್ದಾ’ ಅಂದ್ರು. ಆಮೇಕೆ, ‘ಇನ್ನೊಂದು ಹಳ್ಳಿ ಇದೆ, ಬೇಗ ನಡಿ’ ಅಂದ್ರು...”

ದನಿ ಒಡೆಯಿತು. ನಗಲು ಬಾಯಿ ತೆರೆದಿದ್ದವರು ಹಾಗೇ ನಿಂತರು. ಮೊಬೈಲುಗಳು ಮಾತ್ರ ನಿಲ್ಲಲಿಲ್ಲ. ಮಧ್ಯಾಹ್ನದೊಳಗೆ ವಿಡಿಯೋ ಎರಡೂ ತಾಲ್ಲೂಕು ಸುತ್ತಿತು.

ಮೂರು ಗಂಟೆಗೆ ಶಿವಮಲ್ಲಪ್ಪ ಏದುಸಿರು ಬಿಡುತ್ತಾ ಬಂದರು. ಫೋಟೋದಿಂದ ತೆಗೆದ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದರು.

“ಕೆಟ್ವಿ ಕಣೋ! ತೀರ್ಕೊಂಡೋನು ಕವಲಂದೆಯ ಯಾರೋ ಚಿಕ್ಕಬಸಪ್ಪ. ನಮ್ಮೋರು ನಂಜನಗೂಡಲ್ಲಿ ಕಾಫಿ ಕುಡೀತಾ ಕೂತವ್ರೆ!”

ಅದೇ ಗಳಿಗೆಗೆ ಮಾದಪ್ಪನ ಫೋನು ಬಡಿದುಕೊಂಡಿತು. ಸಾಹೇಬರೇ.

“ವಿಡಿಯೋ ನೋಡ್ದೆ. ಯಾವನಯ್ಯಾ ಅವನು?”

“ಯಾರು ಸಾ?”

“ಅದೇ, ಮಾದಪ್ಪನಂತೆ. ನನ್ನ ಡ್ರೈವರ್ ಅಂತ ಹೇಳ್ಕೊಂಡು ಅಳ್ತಾನೆ. ನನ್ನ ಡ್ರೈವರ್ ನೀನಲ್ವೇನೋ ಮಹದೇವ?”

ಮಹದೇವ ಮಾದಪ್ಪನಿಗಿಂತ ಮೊದಲಿದ್ದ ಡ್ರೈವರ್. ಸತ್ತು ಎಷ್ಟೋ ವರ್ಷವಾಗಿತ್ತು. ಹಿಂದಿನ ಸೀಟಿಗೆ ಕಾಣುವುದು ಬರೀ ಕತ್ತು. ಕತ್ತು ಬದಲಾದದ್ದು ಸಾಹೇಬರಿಗೆ ತಿಳಿದಿರಲಿಲ್ಲ, ದೊಡ್ಡವರು ಕರೆದದ್ದೇ ಹೆಸರೆಂದು ಮಾದಪ್ಪ ತಿದ್ದಿರಲೂ ಇಲ್ಲ.

“ಊಂ ಸಾ,” ಎಂದ.

“ನಿನ್ನ ಕಾಗದಕ್ಕೆ ಸೈನ್ ಮಾಡಿಟ್ಟಿದೀನಿ. ‘ಮಹದೇವ ಇಪ್ಪತ್ತಾರು ವರ್ಷ ನನ್ನ ಡ್ರೈವರ್, ನಂಬಿಕಸ್ಥ’ ಅಂತ. ಸೋಮವಾರ ಬಾ. ಬರೋವಾಗ ಆ ಮಾದಪ್ಪನ್ನ ಹಿಡ್ಕೊಂಡು ಬಾ.”

“ಆಗ್ಲಿ ಸಾ.”

ಫೋನು ಇಟ್ಟ. ಬಾಗಿಲಲ್ಲಿ ಪುಟ್ಟಮಾದಮ್ಮ ಕಣ್ಣರಳಿಸಿ ನಿಂತಿದ್ದಳು. “ಏನಂದ್ರು? ಕಾಗ್ದ ಕೊಡ್ತಾರಾ?”

“ಕೊಡ್ತಾರಂತೆ,” ಎಂದ ಮಾದಪ್ಪ. “ಮಹದೇವಂಗೆ.”