ಭಾವನ ಎಡವುವ ಹಡಗು

ಬೆಳಗ್ಗೆ ಎದ್ದು ಅಂಗಳ ಗುಡಿಸಿದೆ. ತುಳಸಿಗೆ ನೀರು ಹಾಕಿದೆ. ಗಂಜಿ, ಉಪ್ಪಿನಕಾಯಿಯಲ್ಲಿ ನಾಷ್ಟಾ ಮುಗಿಸಿದೆ. ಬಾಗಿಲಿಗೆ ಬಂದ ಮೀನಿನವಳ ಹತ್ತಿರ ಅರ್ಧ ತಾಸು ಚೌಕಾಶಿ ಮಾಡಿ ಶೆಟ್ಲಿ, ಅಂದರೆ ಸಿಗಡಿ, ತಗೊಂಡೆ. ಸುಲಿದು, ತೊಳೆದು, ಉಪ್ಪು ಅರಿಶಿನ ಹಚ್ಚಿ ಇಟ್ಟೆ. ಹಪ್ಪಳ ಬಿಸಿಲಿಗೆ ಹಾಕಿ ಕಾಗೆ ಬಾರದ ಹಾಗೆ ಕಾದೆ. ಹನ್ನೊಂದು ಗಂಟೆಗೆ ಸರಿಯಾಗಿ ಹಡಗಿನ ರೀಡಿಂಗ್ ಬರೆದೆ.

ಕೊನೆಯದನ್ನು ಓದಿ ಗಾಬರಿಯಾಗಬೇಡಿ. ನಾನು ಬಂದರಿನಲ್ಲಿ ನೌಕರಿಗಿಲ್ಲ. ನಾನಿರುವುದು ಹಟ್ಟಿಕೇರಿಯಲ್ಲಿ, ಅಕ್ಕನ ಮನೆಗೆ ತಾಗಿದ ಮನೆಯಲ್ಲಿ. ಹಡಗು ಇರುವುದು ಅಕ್ಕನ ಗಂಡ, ಅಂದರೆ ನನ್ನ ಭಾವನ ಕಂಪ್ಯೂಟರಿನಲ್ಲಿ. ಗೇಮ್ ಆಡುವವರು ಲೋಕದಲ್ಲಿ ಎಷ್ಟೋ ಮಂದಿ ಇರಬಹುದು. ಆದರೆ ಗೇಮ್ ಕೊಂಡು, ಆಡುವುದನ್ನು ಬಿಟ್ಟು, ಅದರ ಮೂಲೆಯಲ್ಲಿ ಕುಣಿಯುವ ಒಂದು ಅಂಕಿಯನ್ನು ಮಾತ್ರ ಕಾಯುತ್ತ ಕೂರುವ ಮನುಷ್ಯ ನಮ್ಮ ಭಾವ ಒಬ್ಬರೇ!

ಭಾವ ಕದ್ರಾದ ಪವರ್ ಹೌಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೀಟರ್ ನೋಡಿದವರು. ತಾಸಿಗೊಮ್ಮೆ ರೀಡಿಂಗ್ ತೆಗೆದು ಲಾಗ್ ಬುಕ್ಕಿನಲ್ಲಿ ಬರೆಯುವುದು ಅವರ ಕೆಲಸ. ನಿವೃತ್ತರಾದ ಮೇಲೆ ನೋಡಲು ಉಳಿದದ್ದು ಮನೆಯ ಕರೆಂಟ್ ಮೀಟರ್ ಒಂದೇ. ಅದನ್ನೂ ಎಷ್ಟೆಂದು ನೋಡುವುದು? ಕಾರವಾರಕ್ಕೆ ಹೋಗಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದರು. ಅದರಲ್ಲಿ ಹಡಗು ನಡೆಸುವ ಆಟ ಹಾಕಿಸಿದರು.

ಹಡಗೇ ಯಾಕೆ ಎಂದರೆ, ಅಕ್ಕನಿಗಾಗಿ. ನಾವಿಬ್ಬರೂ ಚಿತ್ತಾಕುಲದವರು. ಸೇತುವೆ ಆಗುವ ಮೊದಲು ಅಕ್ಕ ದಿನಾ ಲಾಂಚಿನಲ್ಲಿ ಕಾಳಿ ನದಿ ದಾಟಿ ಕಾರವಾರದ ಶಾಲೆಗೆ ಹೋದವಳು. ಎರಡು ವರ್ಷದ ಹಿಂದೆ ಅವಳಿಗೆ ತಲೆ ತಿರುಗುವ ಕಾಯಿಲೆ ಹತ್ತಿಕೊಂಡಿತು. ಕಿವಿಯೊಳಗೆ ಏನೋ ಜಾಗ ತಪ್ಪಿದೆ ಅಂದರು ಡಾಕ್ಟರು. ದೋಣಿಯ ಮಾತು ಬಿಡಿ, ಮನೆಯ ತೂಗುಮಂಚವನ್ನೂ ಬಿಚ್ಚಿಟ್ಟದ್ದಾಯಿತು.

ಕಂಪ್ಯೂಟರ್ ಬಂದ ಮೊದಲ ವಾರ ಭಾವ ಆಟದಲ್ಲಿ ಒಂದು ಜಾಗ ಹುಡುಕಿದರು. ನದಿ ಸಮುದ್ರಕ್ಕೆ ಸೇರುವ ಕಡೆ, ಪಕ್ಕದಲ್ಲಿ ಒಂದು ಗುಡ್ಡ. ಅಕ್ಕನನ್ನು ಕರೆದು ಕೂರಿಸಿದರು. ಅಕ್ಕ ಕಣ್ಣರಳಿಸಿ, “ಅಯ್ಯ, ನಮ್ಮ ಊರಿನ ಹಾಗೇ ಅದೆ! ಆ ಗುಡ್ಡದ ಬುಡಕ್ಕೆ ಹೋಗಿ, ಅಲ್ಲೇ ಲಾಂಚ್ ನಿಲ್ತಿತ್ತು” ಅಂದಳು. ಹಡಗು ಗುಡ್ಡದ ಹತ್ತಿರ ಹೋದದ್ದೇ ತಡ, ಚಿತ್ರ ತಟಕ್ ತಟಕ್ ಅಂತ ಎಡವತೊಡಗಿತು. ಅಕ್ಕ ತಲೆ ಹಿಡಿದುಕೊಂಡು ಬಚ್ಚಲಿಗೆ ಓಡಿದಳು. ಬಂದು, ಬಾಯಿ ಒರೆಸಿಕೊಂಡು, “ಇನ್ನು ನನ್ನ ಕರೀಬೇಡಿ” ಅಂದಳು.

ಮಾರನೇ ದಿನ ಅಂಕೋಲೆಯಿಂದ ಒಂದು ದಪ್ಪ ರಿಜಿಸ್ಟರ್ ಬಂತು. ಕರೀಬೇಡಿ ಅಂದ ಅಕ್ಕ ಒಂದೆರಡು ದಿನ ತಾನಾಗಿಯೇ ಬಂದು ಕೂತು, ಗುಡ್ಡ ಬರುತ್ತಲೇ ಎದ್ದು ಹೋದಳು; ಆಮೇಲೆ ಅದನ್ನೂ ಬಿಟ್ಟಳು.

ಎಡವುವುದು ಯಾಕೆಂದು ನನಗೆ ಮೂರು ಸಲ ವಿವರಿಸಿದ್ದಾರೆ. ಪರದೆಯ ಮೇಲೆ ಕಾಣುವುದು ಒಂದು ಚಿತ್ರವಲ್ಲವಂತೆ. ಸೆಕೆಂಡಿಗೆ ಅರವತ್ತು ಚಿತ್ರ ಒಂದರ ಹಿಂದೆ ಒಂದು ಓಡಬೇಕಂತೆ. ಅದಕ್ಕೆ ಫ್ರೇಮ್ ಅನ್ನುತ್ತಾರಂತೆ. ಗುಡ್ಡ, ಮರ, ಮನೆ ಬಂದಾಗ ಕಂಪ್ಯೂಟರಿಗೆ ಏದುಸಿರು ಬಂದು ಅರವತ್ತು ಇದ್ದದ್ದು ಇಪ್ಪತ್ತಕ್ಕೆ ಬೀಳುತ್ತದಂತೆ. “ಅರವತ್ತು ಚಿತ್ರ ಇದ್ದರೆ ನಂಗೆ ಒಂದೇ ಯಾಕೆ ಕಾಣ್ತದೆ ಭಾವ?” ಎಂದು ಕೇಳಿದೆ. “ಅದೇ ಅಲ್ಲವಾ ಮಜಾ!” ಅಂದರು. ಯಾವುದು ಮಜಾ? ನನಗಿನ್ನೂ ತಿಳಿದಿಲ್ಲ.

ಭಾವನಿಗೆ ಮೊದಲು ಸಂಶಯ ಬಂದದ್ದು ಕರೆಂಟಿನ ಮೇಲೆ. ಪವರ್ ಹೌಸಿನ ಮನುಷ್ಯ ಇನ್ನೆಲ್ಲಿಂದ ಶುರು ಮಾಡಿಯಾರು? ಎರಡೂ ಮನೆಗೆ ಲೋಡ್ ಶೆಡ್ಡಿಂಗ್ ಘೋಷಿಸಿಬಿಟ್ಟರು! ಮಿಕ್ಸರ್ ಬೆಳಗ್ಗೆ ಏಳರಿಂದ ಎಂಟು, ಬಾವಿಯ ಪಂಪು ಎಂಟರಿಂದ ಎಂಟೂವರೆ. ಉಳಿದ ಹೊತ್ತು ಹಡಗಿಗೆ ಮೀಸಲು.

“ನಿಮ್ಮ ಮನೆ ಕರೆಂಟು ಬೇರೆ, ನಮ್ಮದು ಬೇರೆ ಅಲ್ಲವಾ ಭಾವ?”

“ಕಂಬ ಒಂದೇ ಅಲ್ಲವಾ ತಂಗಿ?”

ಎಂಟು ದಿನ ನಾನು ಮೀನಿನ ಮಸಾಲೆಯನ್ನು ಒರಳಿನಲ್ಲಿ ಅರೆದೆ. ಹಡಗು ಎಡವುವುದು ನಿಲ್ಲಲಿಲ್ಲ. ನನ್ನ ತೋಳಿನ ನೋವು ಮಾತ್ರ ನಿಂತಿತು, ಅದೂ ಹದಿನೈದು ದಿನದ ಮೇಲೆ!

ಆಮೇಲೆ ಸೆಕೆಯ ಮೇಲೆ ಸಂಶಯ. ನಮ್ಮ ಕಡೆಯ ಮೇ ತಿಂಗಳು ಗೊತ್ತಲ್ಲ, ಕೂತಲ್ಲೇ ಬೆವರು ಇಳಿಯುತ್ತದೆ. ಕಂಪ್ಯೂಟರಿಗೂ ಸೆಕೆ ಹೊಡೆದು ಸುಸ್ತಾಗಿದೆ ಅಂದರು. ಒಂದು ಬದಿಯ ಮುಚ್ಚಳ ಕಳಚಿ, ಬಣ್ಣದ ಬ್ರಶ್ಶಿನಿಂದ ಧೂಳು ಗುಡಿಸಿ, ಟೇಬಲ್ ಫ್ಯಾನ್ ತಂದು ಎದುರಿಗಿಟ್ಟರು. ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ, ಒಳಗಿನ ಬಿಸಿಯಾಗುವ ಭಾಗಕ್ಕೆ ಹಚ್ಚುವ ಪೇಸ್ಟಿನ ಸಣ್ಣ ಟ್ಯೂಬು ತಂದರು. ಗಂಧ ಹಚ್ಚುವ ಹಾಗೆ ಎರಡು ಬೆರಳಲ್ಲಿ ಮೆಲ್ಲಗೆ ಹಚ್ಚುತ್ತಿದ್ದಾಗ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

“ನನ್ನ ಮಂಡಿಗೆ ಮುಲಾಮು ತರೂಕೆ ಹೇಳಿ ಎಂಟು ದಿನ ಆಯ್ತು. ಕಂಪ್ಯೂಟರಿಗೆ ಬಂತು!”

ಭಾವ ಅದೇ ಅಂಗಿಯಲ್ಲಿ ಮತ್ತೆ ಬಸ್ಸು ಹತ್ತಿದರು. ಹೋಗುವಾಗ ನನ್ನನ್ನು ಕರೆದು, “ತಂಗಿ, ಚಾರ್ಜ್ ತಗೋ” ಅಂದರು. ರಿಜಿಸ್ಟರ್, ಪೆನ್ನು, ಕನ್ನಡಕ ಮೂರನ್ನೂ ನನ್ನ ಕೈಗಿಟ್ಟರು. ಕನ್ನಡಕ ಅವರದ್ದು, ನನಗೆ ಹೊಂದುವುದಿಲ್ಲ. ಆದರೆ ಚಾರ್ಜ್ ಅಂದರೆ ಎಲ್ಲ ಸೇರಿತಂತೆ! ಅಂದಿನಿಂದ ಹಗಲಿನ ರೀಡಿಂಗ್ ನನ್ನ ಪಾಲಿಗೇ ಬಂತು.

ರಿಜಿಸ್ಟರಿನಲ್ಲಿ ಐದು ಮನೆ ಗೀಟು ಹಾಕಿದ್ದರು. ಹೊತ್ತು, ಫ್ರೇಮ್, ಬಿಸಿ, ಕೋಣೆಯ ಸೆಕೆ. ಐದನೆಯದಕ್ಕೆ ಹೆಸರೇ ಇಲ್ಲ. ಅದರ ಕೆಳಗೆ ಒಂದು ದಿನ ಮೂರು, ಒಂದು ದಿನ ನಾಲ್ಕು, ಒಂದಿಷ್ಟು ದಿನ ಸಾಲಾಗಿ ಸೊನ್ನೆ. ಕುಡಿದ ಚಹಾದ ಲೆಕ್ಕವಾ? ಅವರು ಸೊನ್ನೆ ಚಹಾ ಕುಡಿದ ದಿನ ನಾನು ಕಂಡಿಲ್ಲ. ಕೇಳಿದರೆ, “ಅದು ನೀನು ಬರೆಯೂದಲ್ಲ, ಬಿಡು” ಅಂದರು.

ಪೇಸ್ಟಿನಿಂದಲೂ ಆಗದೆ ಹೋದಾಗ ಭಾವ ಸಮುದ್ರಕ್ಕೇ ಕೈ ಹಾಕಿದರು. ಭಾರ ಕಡಿಮೆ ಮಾಡಬೇಕಂತೆ. ಒಂದು ದಿನ ನೆರಳು ತೆಗೆದರು. ಮರುದಿನ ಮೋಡ. ಆಮೇಲೆ ಗುಡ್ಡದ ಮರ, ದಡದ ಮನೆ, ಕೊನೆಗೆ ತೆರೆ! “ಎಪ್ಪತ್ತೆರಡು ಬಂತು! ಎಪ್ಪತ್ತೆರಡು!” ಎಂದು ಕೂಗಿದ್ದು ಕೇಳಿ, ಕೈಯಲ್ಲಿದ್ದ ಹಿಟ್ಟಿನ ಸಮೇತ ಓಡಿದೆ. ಅಕ್ಕನೂ ಬಂದಳು. ಪರದೆಯ ತುಂಬ ನೀಲಿ, ನಡುವೆ ಒಂದು ಡಬ್ಬಿ.

“ಇದು ಸಮುದ್ರವಾ?” ಅಂದಳು ಅಕ್ಕ. “ನಮ್ಮ ಕಟ್ಟಿಗೆಗೆ ಹೊದಿಸೋ ತಾಡಪತ್ರಿ ಅಲ್ಲವಾ?”

ಭಾವ ಒಂದೊಂದೇ ತೆರೆಯನ್ನು ವಾಪಸು ಹಾಕಿದರು. ಅಂಕಿ ಮತ್ತೆ ಬಿತ್ತು. ದಡಕ್ಕೆ ಹೋದರೆ ತಾನೇ ಬೀಳುವುದು ಎಂದು, ಹಡಗನ್ನು ದಡಕ್ಕೆ ಒಯ್ಯುವುದನ್ನೇ ಬಿಟ್ಟರು! ಹಡಗಿನಲ್ಲಿ ಹನ್ನೊಂದು ಮಂದಿ ಪ್ರಯಾಣಿಕರಿದ್ದರು, ನಾನೇ ಎಣಿಸಿದ್ದೇನೆ. ಪಾಪ, ಹತ್ತು ದಿನ ನಡುನೀರಿನಲ್ಲಿ ನಿಂತೇ ಇದ್ದರು. ಅವರಲ್ಲಿ ಛತ್ರಿ ಹಿಡಿದ ಹೆಂಗಸೊಬ್ಬಳನ್ನು ನೋಡಿದಾಗಲೆಲ್ಲ, ಇವಳ ಮನೆಯಲ್ಲಿ ಅನ್ನಕ್ಕೆ ಇಟ್ಟವರು ಯಾರೋ ಎಂದು ನನಗೆ ಕಸಿವಿಸಿ.

ಇಷ್ಟರಲ್ಲಿ ನನಗೊಂದು ಸಿಟ್ಟು ಕೂತಿತ್ತು. ಅಕ್ಕ ನೋಡಲಿ ಎಂದು ಹಿಡಿದ ಕೆಲಸ ಅಂಕಿಯ ಹುಚ್ಚಾಗಿ ಹೋಯಿತು. ಅಕ್ಕನನ್ನೇ ಮರೆತರಲ್ಲ ಎಂದು. ನಿನ್ನೆ ಸಂಜೆ ಇಶಾಡ ಮಾವಿನಹಣ್ಣು ಹೆಚ್ಚುತ್ತ ಹೇಳಿಯೇಬಿಟ್ಟೆ.

“ಎಪ್ಪತ್ತು ತಗೊಂಡು ಎಂತ ಮಾಡೂದು ಭಾವ? ಅಕ್ಕನಿಗೆ ಎಷ್ಟು ಬೇಕು ಅಂತ ಕೇಳಿದ್ರಾ?”

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಗೊರಟೆ ಚೀಪುತ್ತಿದ್ದಳು.

“ನಂಗೆ ಜೋರು ಬ್ಯಾಡ” ಅಂದಳು. “ಆಗ ಲಾಂಚಿನಲ್ಲಿ ಒಬ್ಬ ಮುದುಕ ಇದ್ದ. ಅಂವ ಮೆಲ್ಲಗೇ ಬಿಡ್ತಿದ್ದ, ಆದರೆ ಒಂದೇ ಸಮ. ಅಂವ ಇದ್ದ ದಿನ ಯಾರಿಗೂ ವಾಂತಿ ಇಲ್ಲ. ಅವನ ಮಗ ಬಿಡೂಕೆ ಕೂತ ಅಂದ್ರೆ ಒಮ್ಮೆ ಜೋರು, ಒಮ್ಮೆ ನಿಂತ ಹಾಗೆ. ಅರ್ಧ ಮಂದಿ ಲಾಂಚಿನ ಅಂಚಿಗೆ ಬಗ್ಗಿರ್ತಿದ್ರು.”

ಭಾವನ ಕೈಯಲ್ಲಿದ್ದ ಹೋಳು ಅಲ್ಲೇ ನಿಂತಿತು.

“ಐವತ್ತು!” ಅಂದರು.

ಐವತ್ತು ಅಂದರೆ ಎಂತದು? ಪವರ್ ಹೌಸಿನಲ್ಲಿ ಕರೆಂಟಿನ ಫ್ರೀಕ್ವೆನ್ಸಿ ತೋರಿಸುವ ಒಂದು ಮುಳ್ಳು ಇರುತ್ತದಂತೆ. ಅದು ಐವತ್ತರಲ್ಲೇ ನಿಂತಿರಬೇಕಂತೆ. ಮೇಲೆ ಹೋದರೂ ಬೈಗಳ, ಕೆಳಗೆ ಬಂದರೂ ಬೈಗಳ. “ಇಪ್ಪತ್ತು ವರ್ಷ ಅದನ್ನೇ ಕಾದವ ನಾನು. ಮನೆಗೆ ಬಂದು ಏರಿಸ್ತಾ ಕೂತೆನಲ್ಲ!” ಎಂದು ತಲೆ ಚಚ್ಚಿಕೊಂಡರು. ಪರದೆಯನ್ನೂ ಐವತ್ತಕ್ಕೆ ಕಟ್ಟಿದರು, ಆಟವನ್ನೂ ಐವತ್ತಕ್ಕೆ ಕಟ್ಟಿದರು, ಅದರ ಕೆಳಗೆ ಬೀಳದಿರಲೆಂದು ನೆರಳು, ಮೋಡ, ದೂರದ ಮರ ಮಾತ್ರ ತೆಗೆದರು. ಇಂದು ಹನ್ನೊಂದಕ್ಕೆ ನಾನು ಬರೆದ ರೀಡಿಂಗ್ ಐವತ್ತು. ಹನ್ನೆರಡಕ್ಕೂ ಐವತ್ತು. ಅಂಕಿ ಕಡಿಮೆಯಾದರೆ ಕಾಯಿಲೆ ಅಂದವರೇ ಕಡಿಮೆ ಮಾಡಿ ವಾಸಿ ಮಾಡಿದ್ದು ಹೇಗೆ? ನನ್ನನ್ನು ಕೇಳಬೇಡಿ.

ಊಟದ ಮೇಲೆ ಭಾವ ಅಕ್ಕನ ಬೆತ್ತದ ಕುರ್ಚಿಯನ್ನು ತಾವೇ ಎತ್ತಿ ತಂದರು. ಕಾಲ ಬಳಿ ಒಂದು ಬಾಲ್ದಿಯನ್ನೂ ಇಟ್ಟರು. ಅಕ್ಕ ಬಾಲ್ದಿ ನೋಡಿ ನಕ್ಕು ಕೂತಳು. ಹಡಗು ಹೊರಟಿತು. ಹನ್ನೊಂದು ಮಂದಿಯೂ ದಡದ ಕಡೆ ಮುಖ ಮಾಡಿದರು. ಗುಡ್ಡ ಬಂತು. ಮರ ಬಂತು. ನಾನು ಬಾಲ್ದಿಯನ್ನೇ ನೋಡುತ್ತಿದ್ದೆ. ಭಾವ ಮಾತ್ರ, ಎರಡು ತಿಂಗಳಲ್ಲಿ ಮೊದಲ ಸಲ, ಅಂಕಿಯನ್ನು ನೋಡುತ್ತಿರಲಿಲ್ಲ. ಅಕ್ಕನ ಮುಖ ನೋಡುತ್ತಿದ್ದರು.

ಹಡಗು ಗುಡ್ಡದ ಬುಡಕ್ಕೆ ತಾಗಿತು. ಛತ್ರಿಯ ಹೆಂಗಸು ಇಳಿದಳು. ಅಕ್ಕನ ಸದ್ದಿಲ್ಲ. ಬಗ್ಗಿ ನೋಡಿದರೆ ಕುರ್ಚಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಾಳೆ!

ಭಾವ ರಿಜಿಸ್ಟರ್ ತೆರೆದರು. ಪೆನ್ನು ಆ ಹೆಸರಿಲ್ಲದ ಐದನೇ ಮನೆಗೆ ಹೋಯಿತು. ಅಲ್ಲಿ ನಿಂತು, ನನ್ನ ಕಡೆ ತಿರುಗಿ ಪಿಸುಗುಟ್ಟಿದರು.

“ತಂಗಿ, ಇಪ್ಪತ್ತೆರಡು ನಿಮಿಷ ಆಯ್ತು ಅವಳು ಕೂತು. ನಿದ್ದೆ ಮಾಡಿದ್ದು ಕೂತದ್ದರಲ್ಲಿ ಸೇರ್ತದಾ?”

ಮೂರು, ನಾಲ್ಕು, ಸಾಲು ಸೊನ್ನೆ. ಎಲ್ಲ ಒಮ್ಮೆಗೇ ನನಗೆ ತಿಳಿಯಿತು.

“ಸೇರ್ತದೆ ಭಾವ,” ಅಂದೆ. “ಬರೀರಿ.”

ಇವತ್ತು ಉಂಡದ್ದು ಶೆಟ್ಲಿ ಸಾರು, ಕುಚಲಕ್ಕಿ ಅನ್ನ, ಹಪ್ಪಳ, ಇಶಾಡ ಹಣ್ಣಿನ ರಸಾಯನ. ಮೊದಲು ಮಲಗಿದ್ದು ಅಕ್ಕ. ಆಮೇಲೆ ಭಾವ, ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆಯೇ, ಕನ್ನಡಕ ಹಾಕಿಕೊಂಡೇ. ಹಡಗು ಯಾರೂ ಹೇಳದೆ ದಡದಲ್ಲಿ ನಿಂತಿತ್ತು. ನಾನು ಬಾಲ್ದಿ ಎತ್ತಿಟ್ಟು ಬಂದು ಎರಡು ಗಂಟೆಯ ರೀಡಿಂಗ್ ಬರೆದೆ. ಐವತ್ತು.